ಚೌಬಾರಾದ ಹಿಂದಿನ ಮಸ್ಕತ್

ನವೆಂಬರ್ ೬, ಗುರುವಾರ

ನನ್ನ ಗಂಡನ ಊರಾದ ಮೆಹಕರದ ಲೆಕ್ಕದಲ್ಲಿ ನಾನು ಈಗ ಮಸ್ಕತ್ತಿನಲ್ಲಿದ್ದೇನೆ. ನಿಜವಾಗಿ ಇರುವುದು ಬೀದರಿನಲ್ಲಿ, ಚೌಬಾರಾ ಎಂಬ ಹಳೆಯ ಗೋಪುರದ ಹಿಂದಿನ ಓಣಿಯಲ್ಲಿ, ಖತೀಜಾ ಬೇಗಂ ಎಂಬುವರ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ. ಕುರ್ಚಿ ಇಲ್ಲ. ಹೊಸ ಸೂಟ್‌ಕೇಸಿನ ಮೇಲೆ ಕೂತು ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆಯುತ್ತದೆ, ಹೇಳಿದರೆ ಮಾನ ಹೋಗುತ್ತದೆ. ಅದಕ್ಕೇ ಈ ಡೈರಿ.

ಆದದ್ದು ಇಷ್ಟು. ನನ್ನ ಗಂಡ ಓಂಪ್ರಕಾಶ ಎಸಿ ರಿಪೇರಿ ಕಲಿತವರು. ಮಸ್ಕತ್ತಿನಲ್ಲಿ ಅವರಿಗೆ ಕೆಲಸ, ನನಗೂ ಅಲ್ಲೇ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಎಂದು ಹೈದರಾಬಾದಿನ ಏಜೆಂಟ್ ಒಬ್ಬ ಹೇಳಿದ್ದ. ಗಂಡಸರು ಗಲ್ಫಿಗೆ ಹೋಗುವುದು ನಮ್ಮ ಕಡೆ ಹೊಸದಲ್ಲ. ಗಂಡ ಹೆಂಡತಿ ಜೋಡಿಯಾಗಿ ಹೋಗುವುದು ಮೆಹಕರದಲ್ಲಿ ಇದೇ ಮೊದಲು. ಊರೇ ಹಲಗಿ ಬಾರಿಸಿಕೊಂಡು ಬಂತು. ನನಗೆ ಉಡಿ ತುಂಬಿದರು, ಅವರಿಗೆ ರುಮಾಲು ಸುತ್ತಿದರು, ಸೀಮೆಯ ತನಕ ನಡೆದು ಬಂದು ಕಾಯಿ ಒಡೆದರು. ನನ್ನ ಅತ್ತೆ ಹೀರಾಬಾಯಿ ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿದರು: "ಸೀಮಿ ದಾಟಿಸಿದ ಮ್ಯಾಲ ಹೋದ ಕೆಲಸ ಆಗೋತನಕ ಹೊಳ್ಳಿ ಬರಬಾರ್ದು. ಬಂದ್ರ ಮನಿಗಿ ಛಲೋ ಅಲ್ಲ."

ಹೈದರಾಬಾದಿಗೆ ಹೋದರೆ ಏಜೆಂಟ್ ಚಹಾ ತರಿಸಿದ. ವೀಸಾ ಸ್ವಲ್ಪ ತಡವಾಗುತ್ತದೆ, ಹದಿನೈದು ದಿನ ಆರಾಮವಾಗಿ ಇರಿ ಎಂದ. ಬಸ್‌ಸ್ಟ್ಯಾಂಡಿಗೆ ಬಂದು ತಲೆಯ ಮೇಲೆ ಕೈ ಹೊತ್ತು ನಿಂತಾಗ ಅತ್ತೆಯ ಫೋನು. "ಮಸ್ಕತಕ್ಕ ಮುಟ್ಟಿದ್ರೇನಪಾ?" ಎಂದು ಕೇಳಿದರು. ಒಂದು ಕೈಯಲ್ಲಿ ಅರ್ಧ ಸುಲಿದ ಬಾಳೆಹಣ್ಣು ಹಿಡಿದಿದ್ದ ನನ್ನ ಗಂಡ "ಮುಟ್ಟೀವವ್ವಾ" ಎಂದುಬಿಟ್ಟರು.

ನಾನು ಅವರ ಮುಖವನ್ನೇ ನೋಡಿದೆ. "ಬಾಯಿಗಿ ಬಂದ್ಬಿಡ್ತು" ಎಂದರು. ಇನ್ನು ಮೆಹಕರಕ್ಕೆ ಹೋಗುವಂತಿಲ್ಲ. ಔರಾದದ ನನ್ನ ತವರಿಗೆ ಹೋದರೆ ನಾವು ಚಪ್ಪಲಿ ಬಿಡುವ ಮೊದಲೇ ಸುದ್ದಿ ಮೆಹಕರ ಸೇರುತ್ತದೆ. ಹಾಗಾಗಿ ಬೀದರ.

ನನಗೆ ಮಸ್ಕತ್ ಬೇಕೇ ಬೇಕು. ಮೆಹಕರದ ಮನೆಯಲ್ಲಿ ಮೈದುನರು, ನೆಗೆಣ್ಣಿಯರು, ಮಕ್ಕಳು, ಕುರಿಗಳು. ಗಂಡನ ಜೊತೆ ನಾಲ್ಕು ಮಾತಾಡಬೇಕೆಂದರೆ ಕುರಿಹಟ್ಟಿಯ ಹಿಂದೆ ಹೋಗಬೇಕು, ಅಲ್ಲಿ ಕುರಿಗಳು ಕೆಮ್ಮುತ್ತವೆ. ಪಲ್ಯಕ್ಕೆ ಉಪ್ಪು ಹಾಕುವ ಅಧಿಕಾರ ಕೂಡ ಅತ್ತೆಯದು. ನನಗೆ ನನ್ನದೊಂದು ಒಲೆ, ನನ್ನದೊಂದು ಬಾಗಿಲು ಬೇಕು. ಅದಿರುವುದು ಮಸ್ಕತ್ತಿನಲ್ಲಿ. ಈ ಹದಿನೈದು ದಿನವನ್ನು ಹೇಗೋ ತಳ್ಳುತ್ತೇನೆ. ಸೂಟ್‌ಕೇಸ್ ಮಾತ್ರ ಬಿಚ್ಚುವುದಿಲ್ಲ.

ನವೆಂಬರ್ ೭, ಶುಕ್ರವಾರ

ಮನೆಯೊಡತಿಗೆ ನಿಜ ಹೇಳಲೇಬೇಕಾಯಿತು. ಬೆಳಗ್ಗೆ ಇವರು ಫೋನಿನಲ್ಲಿ "ಇಲ್ಲಿ ಸಮುದ್ರ ಭಾಳ ದೊಡ್ಡದದವ್ವಾ" ಎನ್ನುವಾಗ ಅವರು ಹಾಲು ಕೊಡಲು ಬಾಗಿಲಲ್ಲೇ ನಿಂತಿದ್ದರು. ಹೊರಗೆ ಹಾಕುತ್ತಾರೆ ಎಂದುಕೊಂಡೆ. ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುವ ಈ ಖತೀಜಾ ಬೇಗಂ ನಗುತ್ತ ಮೆಟ್ಟಿಲ ಮೇಲೆ ಕೂತುಬಿಟ್ಟರು. ತೀರಿಹೋದ ಅವರ ಗಂಡ ಮಸ್ಕತ್ತಿನಲ್ಲಿ ದರ್ಜಿಯಾಗಿದ್ದರಂತೆ. ಖಾಲಾ ಕೂಡ ಬಹಳ ವರ್ಷ ಅಲ್ಲೇ ಇದ್ದವರು.

"ಡರೋ ನಕ್ಕೋ ಬೇಟಿ, ಹೆದರಬ್ಯಾಡ," ಎಂದರು. "ಮಸ್ಕತ್ ನಾ ನಿನಗ ಇಲ್ಲೇ ಕಲಿಸ್ತೇನಿ. ಬಿಸಲು ಭಾಳ ಅದ ಅನ್ನು, ಎಲ್ಲಾ ತುಟ್ಟಿ ಅದ ಅನ್ನು, ಮನಿ ನೆನಪಾಗ್ತದ ಅನ್ನು. ಅದಕ್ಕ ಮ್ಯಾಲ ಯಾರೂ ಕೇಳಂಗಿಲ್ಲ."

ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ ಎಂದೂ ಹೇಳಿದರು. ಫೋನಿನಲ್ಲಿ ತಪ್ಪಬಾರದೆಂದು ಇವರು ಕೂಡಲೇ ಗೋಡೆಯ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರು. ಸಂಜೆ ಅದನ್ನೇ ನೋಡಿಕೊಂಡು ತರಕಾರಿ ತರಲು ಹೋದರು. ಬಜಾರು ಬಾಗಿಲು ಹಾಕಿತ್ತು. ಅನ್ನ ಉಪ್ಪಿನಕಾಯಿ ತಿಂದು ಮಲಗುತ್ತಿದ್ದೇವೆ.

ನವೆಂಬರ್ ೯, ಭಾನುವಾರ

ಕೋಣೆಯಲ್ಲಿ ಎಷ್ಟು ಹೊತ್ತು ಮುಖ ಮುಖ ನೋಡುವುದು, ಊರಾದರೂ ನೋಡೋಣ ಎಂದರು ಇವರು. ತೊಂದರೆಯೆಂದರೆ ನಮ್ಮ ಭಾಲ್ಕಿ ಕಡೆಯ ಅರ್ಧ ಮಂದಿ ದವಾಖಾನೆಗೆ, ಕೋರ್ಟಿಗೆ, ಬಟ್ಟೆಗೆ ಬೀದರಿಗೇ ಬರುತ್ತಾರೆ. ನಾನು ಸ್ಕೂಟಿ ಹುಡುಗಿಯರ ಹಾಗೆ ಮುಖಕ್ಕೆ ಸ್ಕಾರ್ಫ್ ಸುತ್ತಿಕೊಂಡೆ. ಇವರು ಖಾಲಾನ ಅಟ್ಟದಲ್ಲಿದ್ದ ಹಳೆಯ ಹೆಲ್ಮೆಟ್ ಹಾಕಿಕೊಂಡರು. ನಮ್ಮ ಹತ್ತಿರ ಗಾಡಿ ಇಲ್ಲ.

ಹೀಗೆ ನಾನು ಹೆಲ್ಮೆಟ್ ಹಾಕಿದ ಗಂಡನ ಜೊತೆ ಕಾಲ್ನಡಿಗೆಯಲ್ಲಿ ಬೀದರ ಕೋಟೆ ನೋಡಿದೆ. ರಂಗೀನ ಮಹಲಿನ ಗೋಡೆಯಲ್ಲಿ ಮುತ್ತಿನ ಚಿಪ್ಪು ಕೂಡಿಸಿದ ಕೆಲಸವಿದೆ. ಅದನ್ನು ನೋಡಲು ಬಗ್ಗಿದಾಗ ಹೆಲ್ಮೆಟ್ ಠಣ್ ಎಂದು ಕಂಬಕ್ಕೆ ಬಡಿಯಿತು. ಕಾವಲುಗಾರ ಓಡಿ ಬಂದ.

"ಯಾಕ್ರಿ, ಇಲ್ಲಿ ಮ್ಯಾಲಿಂದ ಕಲ್ಲು ಬೀಳ್ತಾವಂತ ಯಾರ್ ಹೇಳ್ಯಾರ್ರಿ ನಿಮಗ?"

"ಡಾಕ್ಟರ್ ಹೇಳ್ಯಾರ್ರಿ" ಎಂದರು ಇವರು. ಅವನಿಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಆದರೂ ಅವನು ಪಾಪ ಎನ್ನುವಂತೆ ನೋಡಿ ದಾರಿ ಬಿಟ್ಟ.

ಊರಿಗೆ ಫೋಟೋ ಕಳಿಸಬೇಕಿತ್ತು. ಬರುವಾಗ ಹಳೆಯ ಮದರಸಾದ ಮಿನಾರಿನ ನೀಲಿ ಟೈಲ್ಸ್ ಮಾತ್ರ ಕಾಣುವಂತೆ ಒಂದು ತೆಗೆದು, ಮಸ್ಕತ್ತಿನ ಮಸೀದಿ ಎಂದು ಮೆಹಕರದ ವಾಟ್ಸಾಪ್ ಗುಂಪಿಗೆ ಹಾಕಿದೆವು. ಊರಿನ ಹಿರಿಯರಾದ ಧೊಂಡಿಬಾ ಕಾಕಾ ತಕ್ಷಣ ಬರೆದರು: "ನಮ್ಮ ಬೀದರ ಮದರಸಾದಂಗೇ ಅದಲ್ಲಪಾ." ಇವರು ನಿಧಾನವಾಗಿ ಬರೆದರು: "ಈ ಕಡಿ ಮಂದೀನೇ ಅಲ್ಲಿಗಿ ಹೋಗಿ ಬೀದರ ಮದರಸಾ ಕಟ್ಟ್ಯಾರ ಕಾಕಾ." ಕಾಕಾ ಕೈಮುಗಿದ ಚಿತ್ರ ಕಳಿಸಿದರು. ನನ್ನ ಗಂಡನಿಗೆ ಇಷ್ಟು ಬುದ್ಧಿ ಇದೆ ಎಂದು ಮೆಹಕರದಲ್ಲಿ ಇದ್ದಷ್ಟು ದಿನ ನನಗೆ ಗೊತ್ತೇ ಆಗಿರಲಿಲ್ಲ.

ನವೆಂಬರ್ ೧೩, ಗುರುವಾರ

ಒಂದು ಸುಳ್ಳಿಗೆ ನೂರು ಸುಳ್ಳು ಎನ್ನುತ್ತಾರೆ. ಅದರಲ್ಲಿ ಎಷ್ಟು ಮುಗಿದವೋ ದೇವರೇ ಬಲ್ಲ. ಇವತ್ತು ಅತ್ತೆ ವಿಡಿಯೋ ಕಾಲ್ ಮಾಡಿಸಿದರು. ಸುತ್ತ ಅರ್ಧ ಊರು ಕೂತಿತ್ತು. ಮುಂದಿನ ಸಾಲಿನಲ್ಲಿ ಸಖುಬಾಯಿ, ಮೆಹಕರದ ಆಕಾಶವಾಣಿ. ಆಕೆಯ ಕಿವಿಗೆ ಬಿದ್ದದ್ದು ಭಾಲ್ಕಿ ತನಕ ಹೋಗಿಯೇ ನಿಲ್ಲುವುದು.

ಖಾಲಾ ನಮ್ಮ ಹಿಂದಿನ ಗೋಡೆಗೆ ಒಂಟೆಯ ಚಿತ್ರದ ಟವೆಲ್ ಕಟ್ಟಿ, ಪಕ್ಕದಲ್ಲಿ ಖರ್ಜೂರದ ಡಬ್ಬಿ ಇಟ್ಟು, ಫೋನಿನಲ್ಲಿ ಕಾಣದಂತೆ ಮೂಲೆಯಲ್ಲಿ ಕೂತರು. ಎಲ್ಲ ಚೆನ್ನಾಗಿ ನಡೆದಿತ್ತು. ಅಷ್ಟರಲ್ಲಿ ಕೆಳಗೆ ಓಣಿಯಲ್ಲಿ ತಳ್ಳುಗಾಡಿಯವನು ಬಂದ. "ಮೆಂತೇ ಪಲ್ಯಾ... ರಾಜಗೀರಿ ಪಲ್ಯಾ..." ಎಂದು ಗಂಟಲು ಹರಿಯುವಂತೆ ಕೂಗಿದ.

ಫೋನಿನಲ್ಲಿ ಮೆಹಕರದ ತಲೆಗಳೆಲ್ಲ ಮುಂದಕ್ಕೆ ಬಾಗಿದವು.

"ಅಲ್ಲಿನೂ ಕನ್ನಡದಾಗೇ ಮಾರ್ತಾರೇನು?" ಎಂದರು ಅತ್ತೆ.

ನಾನೇ ಬಾಯಿ ಹಾಕಿದೆ. "ನಮ್ಮ ಕಡ್ಯಾವರೇ ಅತ್ತಿ, ಜನವಾಡದವರು. ಹೊಟ್ಟಿಪಾಡಿಗಿ ಇಲ್ಲಿತನಕ ಬಂದಾರ."

"ಪಾಪ, ಎಲ್ಲಿಂದ ಎಲ್ಲಿಗಿ," ಎಂದು ಅತ್ತೆ ಕಣ್ಣಿಗೆ ಸೆರಗು ಹಚ್ಚಿಕೊಂಡರು. "ಅವನ ಹತ್ರಾನೇ ತಗೋರಿ. ಚೌಕಾಶಿ ಮಾಡಬ್ಯಾಡ್ರಿ."

ಫೋನು ಇಟ್ಟ ಮೇಲೆ ಖಾಲಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರನ್ನು ನೋಡಿ ಇವರು ನಕ್ಕರು, ಇವರನ್ನು ನೋಡಿ ನಾನು. ಆಮೇಲೆ ಕೆಳಗಿಳಿದು ಅವನ ಹತ್ತಿರ ಎರಡು ಕಟ್ಟು ಮೆಂತೆ ತಂದೆ. ಚೌಕಾಶಿ ಮಾಡಲು ಮನಸ್ಸು ಬರಲಿಲ್ಲ.

ನವೆಂಬರ್ ೧೭, ಸೋಮವಾರ

ವೀಸಾ ಬಂದಿಲ್ಲ. ಬೇಳೆ ಸೀದುಹೋಯಿತು. ಎರಡೂ ಇವರ ತಪ್ಪು.

ನವೆಂಬರ್ ೨೦, ಗುರುವಾರ

ಹದಿನೈದು ದಿನ ತುಂಬುತ್ತ ಬಂತು. ಏಜೆಂಟ್ ಇನ್ನೊಂದು ವಾರ ಎನ್ನುತ್ತಾನೆ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದೆಂದು ಇವರು ಕೊಳಾರದ ಕೈಗಾರಿಕೆ ಬಡಾವಣೆಗೆ ಹೋಗಿ ಒಂದು ಗೋದಾಮಿನ ತಂಪು ಯಂತ್ರ ರಿಪೇರಿ ಮಾಡಿ ಬಂದರು. ಅಲ್ಲಿಯ ಮ್ಯಾನೇಜರ್ ದಿನಾ ಬಾ ಎಂದಿದ್ದಾನಂತೆ. "ವೀಸಾ ಬರೋತನಕ ಅಷ್ಟೇ" ಎಂದು ನಾನು ಎಚ್ಚರಿಸಿದೆ. "ಅಷ್ಟೇ" ಎಂದರು.

ಖಾಲಾನ ಮೊಮ್ಮಗಳು ಫರ್ಹೀನ ಮೊನ್ನೆ ಕನ್ನಡ ಪಾಠ ಹೇಳಿಸಿಕೊಳ್ಳಲು ಬಂದಳು. ಮರುದಿನ ಗೆಳತಿಯರನ್ನೂ ಕರೆತಂದಳು. ಈಗ ಸಂಜೆ ಮೆಟ್ಟಿಲ ತುಂಬ ಚಪ್ಪಲಿ. ಇದೂ ವೀಸಾ ಬರುವ ತನಕ ಅಷ್ಟೇ.

ಸೂಟ್‌ಕೇಸ್ ಬಿಚ್ಚಿದೆ. ರೊಟ್ಟಿ ಹಂಚು ಅದರಲ್ಲೇ ಇತ್ತು, ಎಷ್ಟು ದಿನ ಎಂದು ಖಾಲಾನ ಹಂಚು ಕೇಳುವುದು? ಹಂಚು ತೆಗೆದ ಮೇಲೆ ಉಳಿದದ್ದನ್ನು ಒಳಗೇ ಬಿಡುವುದೂ ಸರಿಯಲ್ಲವೆಂದು ಎಲ್ಲ ಗೂಡಿನಲ್ಲಿ ಜೋಡಿಸಿದೆ.

ನವೆಂಬರ್ ೨೩, ಭಾನುವಾರ

ಅಷ್ಟೂರಿಗೆ ಹೋಗಿದ್ದೆವು. ಬಹಮನಿ ಸುಲ್ತಾನರ ಗೋರಿಗಳು ಹೊಲದ ನಡುವೆ ಸಾಲಾಗಿ ನಿಂತಿವೆ. ಒಂದರ ಗುಮ್ಮಟ ಅರ್ಧ ಒಡೆದು ಒಳಗಿನಿಂದ ಆಕಾಶ ಕಾಣುತ್ತದೆ. ಮಂದಿ ಇರಲಿಲ್ಲ, ಇವರು ಹೆಲ್ಮೆಟ್ ತೆಗೆದರು. ತಲೆಗೂದಲು ಒದ್ದೆಯಾಗಿ ಹಣೆಗೆ ಅಂಟಿತ್ತು. ಬೇವಿನ ಮರದ ಕೆಳಗೆ ಕೂತು ಪೇರಲಹಣ್ಣು ತಿಂದೆವು.

ಇವರಿಗೆ ಪೇರಲದ ಬೀಜ ಹಲ್ಲಿನಲ್ಲಿ ಸಿಕ್ಕಿಕೊಂಡರೆ ಬಹಳ ಸಿಟ್ಟು ಬರುತ್ತದೆ. ಚಿಕ್ಕವರಿದ್ದಾಗ ಒಂದು ಕುರಿಮರಿ ಸತ್ತಿತೆಂದು ಮೂರು ದಿನ ಉಣ್ಣಲಿಲ್ಲವಂತೆ. ಎಸಿ ಕೆಲಸ ಕಲಿತದ್ದು ಅವ್ವನ ಕೋಣೆಗೆ ಒಂದು ಕೂಡಿಸಬೇಕೆಂದು. ಇದೊಂದೂ ನನಗೆ ಗೊತ್ತಿರಲಿಲ್ಲ. "ಮೆಹಕರದಾಗ ಯಾಕ ಹೇಳ್ಲಿಲ್ರಿ?" ಎಂದೆ. "ಅಲ್ಲಿ ಹೇಳ್ಬೇಕಂದ್ರ ಎಲ್ಲಾರಿಗೂ ಹೇಳ್ಬೇಕಲ್ಲ" ಎಂದರು.

ಫೋಟೋ ತೆಗೆಯುವುದು ಮರೆತೆವು. ಸಂಜೆ ಅತ್ತೆ ಕೇಳಿದಾಗ ಮಸ್ಕತ್ತಿನಲ್ಲಿ ಇವತ್ತು ಧೂಳಿನ ಗಾಳಿ ಎಂದು ಹೇಳಿದೆ. ಹದಿನೈದು ದಿನವೆಂದರೆ ಎಷ್ಟು ಕಡಿಮೆ.

ನವೆಂಬರ್ ೨೯, ಶನಿವಾರ

ಸೀರೆ ಇನ್ನೂ ಒಣಗಿಲ್ಲ. ಸಮಾಧಾನವಾಗಿ ಬರೆಯುತ್ತೇನೆ.

ವೀಸಾ ಬೇಗ ಬರಲೆಂದು ಝರಣಿ ನರಸಿಂಹನಿಗೆ ಹರಕೆ ಹೊರೋಣ ಎಂದವರು ಇವರೇ. ಗುಡ್ಡದೊಳಗಿನ ಉದ್ದ ಸುರಂಗದಲ್ಲಿ ಎದೆಮಟ್ಟದ ನೀರು. ಅದರಲ್ಲೇ ನಡೆದು ಕೊನೆಯಲ್ಲಿರುವ ದೇವರ ದರ್ಶನ ಮಾಡಬೇಕು. ಹೋಗುವವರದು ಒಂದು ಸಾಲು, ಬರುವವರದು ಇನ್ನೊಂದು. ತಲೆಯ ಮೇಲೆ ಬಾವಲಿಗಳು. ದೇವರ ಮುಂದೆ ಹೆಲ್ಮೆಟ್ ಹೇಗೆ ಹಾಕುವುದೆಂದು ಇವರು ಅದನ್ನು ಹೊರಗೇ ಬಿಟ್ಟಿದ್ದರು. ನನ್ನ ಸ್ಕಾರ್ಫ್ ಕೂಡ ಬ್ಯಾಗಿನಲ್ಲಿತ್ತು.

ಅರ್ಧ ದಾರಿ ಹೋಗಿದ್ದೆವು. ಎದುರಿನ ಸಾಲಿನಲ್ಲಿ ಪ್ರಸಾದದ ಚೀಲವನ್ನು ತಲೆಯ ಮೇಲೆತ್ತಿ ಹಿಡಿದುಕೊಂಡು, ಹಣೆಯ ತುಂಬ ಭಂಡಾರ ಹಚ್ಚಿಕೊಂಡು, ಗೋವಿಂದಾ ಎನ್ನುತ್ತ ಬರುತ್ತಿದ್ದರು ನನ್ನ ಅತ್ತೆ.

ಓಡುವುದೆಲ್ಲಿ? ಮುಂದೆ ಮಂದಿ, ಹಿಂದೆ ಮಂದಿ, ಎರಡೂ ಬದಿ ಬಂಡೆ. ಅತ್ತೆಯ ಕಣ್ಣು ಮಗನ ಮೇಲೆ ಬಿತ್ತು. ಆಮೇಲೆ ನನ್ನ ಮೇಲೆ. ಬಾಯಿಯಲ್ಲಿದ್ದ ಗೋವಿಂದ ಅಲ್ಲೇ ನಿಂತ. ಅವರ ಹಿಂದೆಯೇ ಮೆಹಕರದ ಹೆಂಗಸರು, ಎಲ್ಲರಿಗಿಂತ ಮುಂದೆ ಸಖುಬಾಯಿ. ನಮ್ಮ ಮಾನ ಇನ್ನು ಎರಡು ಹೆಜ್ಜೆ ಎಂದುಕೊಂಡೆ.

ಆಗ ಅತ್ತೆ ಸುರಂಗ ನಡುಗುವಂತೆ ಕೂಗಿದರು. "ಬಾವಲಿ ಬಂತು, ಬಾವಲಿ! ಕಣ್ಣು ಮುಚ್ಚಿಗೋರೇ ಎಲ್ಲಾರೂ!"

ಹೆಂಗಸರೆಲ್ಲ ಕಿರುಚಿ ಮುಖಕ್ಕೆ ಸೆರಗು ಎಳೆದುಕೊಂಡರು. ಅಷ್ಟರಲ್ಲಿ ಅತ್ತೆ ಖಾಲಿ ಇದ್ದ ಕೈಯನ್ನು ಮಗನ ನೆತ್ತಿಯ ಮೇಲಿಟ್ಟು, ಕುರಿ ತೊಳೆಯುವಾಗ ಅದ್ದುವ ಹಾಗೆ, ಅವರನ್ನು ನೀರಿನೊಳಗೆ ಅದ್ದಿಬಿಟ್ಟರು. ನಾನು ಯಾರೂ ಹೇಳದೆಯೇ ಮುಳುಗಿದೆ. ಉಸಿರು ಕಟ್ಟಿಕೊಂಡು ಮೆಹಕರದ ಸೀರೆಗಳು ಒಂದೊಂದಾಗಿ ನನ್ನ ಭುಜಕ್ಕೆ ತಾಗಿಕೊಂಡು ಹೋಗುವುದನ್ನು ಎಣಿಸಿದೆ. ಮೇಲೆ ಬಂದಾಗ ಅವರೆಲ್ಲ ದಾಟಿ ಹೋಗಿದ್ದರು. ಇವರು ಕೆಮ್ಮುತ್ತ, "ಅವ್ವಾ ನನ್ನ ಕೊಲ್ತಿದ್ದಳು" ಎಂದರು. ಹಿಂದಿನವರು ಭಕ್ತಿಯೆಂದು ತಿಳಿದು ಗೋವಿಂದಾ ಎಂದರು.

ದೇವರ ಮುಂದೆ ನಿಂತಾಗ ವೀಸಾ ಕೇಳುವುದು ಮರೆತೇಹೋಯಿತು. ಅತ್ತೆ ನಮ್ಮನ್ನು ಮೆಹಕರಕ್ಕೆ ಎಳೆದುಕೊಂಡು ಹೋಗದಿರಲಿ ಎಂದಷ್ಟೇ ಬೇಡಿಕೊಂಡೆ.

ಸಂಜೆ ಫೋನು ಬಂತು. ಸುತ್ತ ಹೆಂಗಸರ ಗದ್ದಲ ಕೇಳುತ್ತಿತ್ತು. ಅತ್ತೆಯ ದನಿಯಲ್ಲಿ ಒಂದಿಷ್ಟೂ ಏರುಪೇರಿಲ್ಲ. "ಇವತ್ತ ಝರಣಿಗಿ ಹೋಗಿದ್ದೆವಪಾ. ನೀವು ಸುಖವಾಗಿ ಹೋಗಿ ಮುಟ್ಟಿದ್ದಕ್ಕ ಹರಕಿ ತೀರಿಸಿ ಬಂದೇವಿ" ಎಂದರು. ಇವರು ಉತ್ತರವಾಗಿ ದೊಡ್ಡದೊಂದು ಸೀನು ಸೀನಿದರು.

"ಮಸ್ಕತದಾಗೂ ನೆಗಡಿ ಆಗ್ತದೇನ್ರೇ?" ಎಂದು ಸಖುಬಾಯಿಯ ದನಿ.

"ಎಸಿ ಕೆಲಸ ಅಲ್ಲೇನವಾ, ಹಗಲೆಲ್ಲಾ ತಂಪಿನಾಗೇ ನಿಂದ್ರತಾನ" ಎಂದರು ಅತ್ತೆ ಥಟ್ಟನೆ. ನಾವು ಇಷ್ಟು ದಿನ ಪಟ್ಟ ಕಷ್ಟವೆಲ್ಲ ಅವರಿಗೆ ಒಂದು ಉಸಿರಿನ ಕೆಲಸ. ಆಮೇಲೆ, "ಮನಿಷಾ, ಮುಂದಿನ ಐತವಾರ ನಾ ಔರಾದಕ್ಕ ನಿಮ್ಮ ತವರಿಗಿ ಹೋಗಿಬರ್ತೇನಿ" ಎಂದರು. ಅದು ಯಾವ ಔರಾದ ಎಂದು ನನಗೆ ತಿಳಿಯಿತು.

ಡಿಸೆಂಬರ್ ೩, ಬುಧವಾರ

ಹೆದರಿಕೆಗೆ ಊಟ ಸೇರುತ್ತಿಲ್ಲ. ಇವರು ಅವ್ವನಿಗೆ ಗುಟ್ಟಾಗಿ ಮನೆಯ ದಾರಿ ಹೇಳಿದ್ದಾರೆ. ಅತ್ತೆ ಬಂದವರೇ ಗಂಟು ಕಟ್ಟಿ ಎನ್ನುತ್ತಾರೆ. ಊರವರಿಗೆ ಏನೋ ಒಂದು ಹೇಳಿ ನಮ್ಮನ್ನು ಆ ಮನೆಗೆ ತಿರುಗಿ ಸೇರಿಸುತ್ತಾರೆ. ಇವರು ಅವ್ವನ ಮುಂದೆ ಎಂದಾದರೂ ಬಾಯಿ ಬಿಟ್ಟಿದ್ದಾರೆಯೇ? ಮತ್ತೆ ಕುರಿಹಟ್ಟಿಯ ಹಿಂದೆಯೇ ನಮ್ಮ ಸಂಸಾರ.

ಕಿಟಕಿಗೆ ಪರದೆ ಹೊಲಿದೆ. ಖಾಲಾ ಕೊಟ್ಟ ಕುಂಡದಲ್ಲಿ ಕೊತ್ತಂಬರಿ ಬಿತ್ತಿದೆ. ಪಾಠಕ್ಕೆ ಬರುವ ಮಕ್ಕಳಿಗೆ ಮುಂದಿನ ತಿಂಗಳು ಪರೀಕ್ಷೆ ಇದೆ, ಅವರ ಗತಿ ಏನು? ನೆನೆಸಿಕೊಂಡರೆ ಅಳು ಬರುತ್ತದೆ. ನೆಗಡಿ ಇನ್ನೂ ಹೋಗಿಲ್ಲ, ಅದೂ ಇರಬಹುದು.

ವೀಸಾದ ಸುದ್ದಿ ಬರೆಯುವುದು ಮರೆತೆ. ಬಂದಿಲ್ಲ.

ಡಿಸೆಂಬರ್ ೭, ಭಾನುವಾರ

ಅತ್ತೆ ಬೆಳಗ್ಗೆಯೇ ಬಂದರು. ತಲೆಯ ಮೇಲೆ ಜೋಳದ ಹಿಟ್ಟಿನ ಚೀಲ, ಕಂಕುಳಲ್ಲಿ ಶೇಂಗಾ ಹಿಂಡಿ ಚಟ್ನಿಯ ಡಬ್ಬಿ. ಬಯ್ಯಲಿಲ್ಲ. ಅದೇ ಹೆಚ್ಚು ಹೆದರಿಕೆ. ಒಂಟೆಯ ಟವೆಲ್ ನೋಡಿದರು, ಪರದೆ ಮುಟ್ಟಿ ನೋಡಿದರು, ಕುಂಡದ ಮಣ್ಣಿಗೆ ಬೆರಳು ಹಾಕಿ ನೋಡಿದರು. ಖಾಲಾ ಮೇಲೆ ಬಂದು ಸಲಾಂ ಮಾಡಿದರು. ಅತ್ತೆ, "ನನ್ನ ಹುಡುಗುರನ್ನ ಬಚ್ಚಿಟ್ಟವರು ನೀವೇ ಏನ್ರಿ?" ಎಂದರು. ಖಾಲಾ ಹೂಂ ಎಂದರು. ಅತ್ತೆ ಹಿಂಡಿಯ ಡಬ್ಬಿಯನ್ನು ಅವರ ಕೈಗೆ ಕೊಟ್ಟರು.

ಮಧ್ಯಾಹ್ನ ಊಟಕ್ಕೆ ಅತ್ತೆಗೆ ಮೊದಲು ಬಡಿಸಲು ಹೋದೆ. ಕೈ ಹಿಡಿದು, "ನೀವು ದಿನಾ ಹ್ಯಾಂಗ ಉಣ್ತೀರಿ, ಹಂಗೇ ಕುಂದರ್ರಿ" ಎಂದರು. ನಾವು ದಿನಾ ಎದುರುಬದುರು ಕೂರುತ್ತೇವೆ. ನಾನು ರೊಟ್ಟಿ ಬಡಿಯುತ್ತೇನೆ, ಇವರು ಬೇಯಿಸುತ್ತಾರೆ, ಬಿಸಿಯಿದ್ದಂತೆ ಇಬ್ಬರೂ ಹಂಚಿಕೊಳ್ಳುತ್ತೇವೆ. ಅತ್ತೆಯ ಎದುರು ಇವರು ರೊಟ್ಟಿ ತಿರುವಿ ಹಾಕುವುದನ್ನು ನೋಡಿ ನನಗೆ ನೆಲ ಬಾಯಿಬಿಡಬಾರದೇ ಎನಿಸಿತು.

ಅತ್ತೆ ಬಹಳ ಹೊತ್ತು ನೋಡಿದರು. "ನಿಮ್ಮ ಮಾವ ಸಾಯೋತನಕ ಅವರ ಎದರಿಗಿ ಕುಂತು ಒಂದು ಹೊತ್ತು ಉಂಡಾಕಿ ಅಲ್ಲ ನಾ," ಎಂದರು. "ಮೊದಲು ಗಂಡಸರು, ಆಮ್ಯಾಲ ಮಕ್ಕಳು, ಆಮ್ಯಾಲ ಉಳಿದಿದ್ರ ನಾವು. ಅವರಿಗಿ ಏನು ರುಚಿ ಅನ್ನೋದು ಖಾಲಿ ತಾಟು ನೋಡಿ ತಿಳಕೋತಿದ್ದೆ."

ಇಷ್ಟು ದಿನ ಅತ್ತೆ ಎಂದರೆ ಉಪ್ಪಿನ ಡಬ್ಬಿ ಎಂದುಕೊಂಡಿದ್ದೆ. ಅವರ ಮೇಲೆ ಕನಿಕರ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಆಗಲೇ ಇವರ ಫೋನು ಹೊಡೆದುಕೊಂಡಿತು. ಏಜೆಂಟ್. ಇಬ್ಬರದೂ ವೀಸಾ ಬಂದಿದೆ, ಈ ವಾರವೇ ಹೊರಡಬೇಕು, ಈಗಲೇ ಹೇಳಿ ಎಂದ. ಇವರು ಮಗುಚುಕೈ ಹಿಡಿದುಕೊಂಡೇ ನನ್ನ ಮುಖ ನೋಡಿದರು. ನಾನು ಕುಣಿಯಬೇಕಿತ್ತು. ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು, ಯಾರೂ ತೆಗೆಯಲಿಲ್ಲ.

ಇವರು ಅವ್ವನ ಕಡೆ ನೋಡಿದರು. ಅತ್ತೆ ಮಗನ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದರು. "ನಿನಗ ಹೋಗೋದದೇನವಾ, ಮನಿಷಾ?"

ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ನಿನಗೇನು ಬೇಕು ಎಂದು ನನ್ನನ್ನು ಯಾರೂ ಕೇಳಿದ್ದಿಲ್ಲ. ನಾನು ಯೋಚಿಸುವ ಮೊದಲೇ ಬಾಯಿಂದ "ಇಲ್ರಿ ಅತ್ತಿ" ಎಂದು ಬಂತು. ಕೇಳಿ ನಾನೇ ಬೆಚ್ಚಿದೆ. ಇವರ ಮುಖ ಅರಳಿದ್ದು ನೋಡಿದರೆ ಇವರಿಗೆ ಮೊದಲೇ ಗೊತ್ತಿತ್ತು ಎನಿಸುತ್ತದೆ. ನನಗೇ ಯಾಕೆ ಗೊತ್ತಿರಲಿಲ್ಲ?

ಅತ್ತೆ ಮಗನ ಕೈಯಿಂದ ಫೋನು ಕಸಿದುಕೊಂಡರು. ಅದನ್ನು ಬಾಯಿಯ ಮುಂದೆ ರೊಟ್ಟಿಯ ಹಾಗೆ ಅಂಗೈಯಲ್ಲಿ ಹಿಡಿದು ಗಟ್ಟಿಯಾಗಿ ಹೇಳಿದರು:

"ಹಲೋ, ನಾ ಹುಡುಗನ ತಾಯಿ ಮಾತಾಡ್ಲತ್ತೇನ್ರಿ. ಅವರು ಹೋಗಿ ಮುಟ್ಟಿ ತಿಂಗಳಾಯ್ತ್ರಿ. ಇಬ್ಬರೂ ಆರಾಮ ಅದಾರ. ನಾನೂ ಅಲ್ಲಿಗೇ ಬಂದು ಊಟಕ್ಕ ಕುಂತೇನಿ, ಈಗ ಫೋನ್ ಇಡ್ರಿ."